ಕಥಾ ಸ್ಪರ್ಧೆಯ ಷರತ್ತುಗಳು: ಕಥೆ ಕಳುಹಿಸುವ ಮುನ್ನ ಹಕ್ಕಿನ ಸಾಲನ್ನು ಓದಿ

ಪ್ರಶ್ನೆ: ಪಾಂಡವಪುರ ತಾಲ್ಲೂಕಿನ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು ಕೆಲವು ವರ್ಷಗಳಿಂದ ಕಥೆ ಬರೆಯುತ್ತಿದ್ದೇನೆ. ಈಗ ಎರಡು ಕಥಾ ಸ್ಪರ್ಧೆಗಳ ಪ್ರಕಟಣೆ ನೋಡಿದೆ. ಮೈಸೂರಿನ ಸಂಘವೊಂದು ನಡೆಸುವ ಸ್ಪರ್ಧೆಗೆ ಶುಲ್ಕವಿಲ್ಲ, ಆದರೆ ‘ಸ್ಪರ್ಧೆಗೆ ಬಂದ ಎಲ್ಲ ಕಥೆಗಳ ಸಂಪೂರ್ಣ ಹಕ್ಕು ಸಂಘಟಕರದು’ ಎಂಬ ಷರತ್ತಿದೆ. ಇನ್ನೊಂದಕ್ಕೆ 300 ರೂಪಾಯಿ ಪ್ರವೇಶ ಶುಲ್ಕ. ಭಾಗವಹಿಸಿದ ಎಲ್ಲರ ಕಥೆಗಳನ್ನೂ ಸಂಕಲನದಲ್ಲಿ ಸೇರಿಸುತ್ತಾರಂತೆ. ಎರಡೂ ಕಡೆ ಕಥೆ ಅಪ್ರಕಟಿತವಾಗಿರಬೇಕು. ನನ್ನ ಕಥೆಯನ್ನು ತಾಲ್ಲೂಕು ಮಟ್ಟದ ಕಾರ್ಯಕ್ರಮವೊಂದರಲ್ಲಿ ಓದಿದ್ದೇನೆ, ಅದರ ಮೊದಲ ಭಾಗವನ್ನು ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ಅದನ್ನು ಕಳುಹಿಸಬಹುದೇ? ಎರಡಕ್ಕೂ ಒಂದೇ ಕಥೆ ಕಳುಹಿಸಿದರೆ ತಪ್ಪೇ? ಕಥೆಯನ್ನು ಯಾರಾದರೂ ಕದ್ದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಹಕ್ಕಿನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಿಕ್ಕ ಷರತ್ತುಗಳಲ್ಲಿ ಯಾವುದನ್ನು ಮರೆತರೂ ಹೆಚ್ಚೆಂದರೆ ಒಂದು ವರ್ಷದ ಅವಕಾಶ ತಪ್ಪೀತು. ಹಕ್ಕಿನ ಷರತ್ತನ್ನು ಓದದೆ ಸಹಿ ಹಾಕಿದರೆ ಕಥೆಯೇ ಕೈತಪ್ಪಬಹುದು.

ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಸ್ವತಂತ್ರವಾಗಿ ಬರೆದ ಕಥೆಯ ಮೊದಲ ಒಡೆತನ ಅದನ್ನು ಬರೆದವರದು. ಇದಕ್ಕೆ ನೋಂದಣಿ ಬೇಕಿಲ್ಲ, ಅಚ್ಚಾಗಬೇಕಾಗಿಲ್ಲ. ಕಾಗದದ ಮೇಲೋ ಕಂಪ್ಯೂಟರಿನಲ್ಲೋ ಬರೆದು ಮುಗಿಸಿದ ಗಳಿಗೆಯಿಂದಲೇ ಹಕ್ಕು ನಿಮ್ಮದಾಗಿ, ನಿಮ್ಮ ಜೀವಿತಾವಧಿಯಲ್ಲೂ ಅದರ ನಂತರ 60 ವರ್ಷಗಳ ಕಾಲ ನಿಮ್ಮ ವಾರಸುದಾರರಲ್ಲೂ ಉಳಿಯುತ್ತದೆ. ಆ ಹಕ್ಕು ಒಂದೇ ಒಂದು ಹಕ್ಕಲ್ಲ ಎಂಬುದನ್ನು ಗಮನಿಸಬೇಕು. ಅಚ್ಚು ಮಾಡುವುದು, ಅನುವಾದಿಸುವುದು, ನಾಟಕಕ್ಕೆ ಅಳವಡಿಸುವುದು, ಸಿನಿಮಾ ಅಥವಾ ಧಾರಾವಾಹಿ ಮಾಡುವುದು, ಧ್ವನಿಪುಸ್ತಕವಾಗಿ ಓದಿಸುವುದು, ಇವೆಲ್ಲ ಬೇರೆ ಬೇರೆಯಾಗಿ ಕೊಡಬಹುದಾದ, ಬೇರೆ ಬೇರೆಯಾಗಿ ಉಳಿಸಿಕೊಳ್ಳಬಹುದಾದ ಹಕ್ಕುಗಳು. ‘ಸಂಪೂರ್ಣ ಹಕ್ಕು’ ಎಂಬ ಎರಡು ಪದಗಳಲ್ಲಿ ಇವಿಷ್ಟನ್ನೂ ಒಟ್ಟಿಗೆ ಕೇಳಲಾಗುತ್ತಿದೆ.

ಒಂದು ಕಥಾ ಸ್ಪರ್ಧೆ ನಡೆಸಲು ಸಂಘಟಕರಿಗೆ ಇಷ್ಟೆಲ್ಲ ಬೇಕೇ ಎಂದು ಕೇಳಿಕೊಳ್ಳಿ. ಬಂದ ಕಥೆಗಳನ್ನು ತೀರ್ಪುಗಾರರಿಗೆ ಪ್ರತಿ ಮಾಡಿ ಕೊಡಲು ಅವರಿಗೆ ಅನುಮತಿ ಬೇಕು. ಬಹುಮಾನಿತ ಕಥೆಗಳನ್ನು ತಮ್ಮ ಪತ್ರಿಕೆಯಲ್ಲೋ ಸ್ಮರಣ ಸಂಚಿಕೆಯಲ್ಲೋ ಮೊದಲ ಬಾರಿಗೆ ಪ್ರಕಟಿಸುವ ಹಕ್ಕು ಬೇಕು. ಬಹುಮಾನಿತ ಕಥೆಗಳ ಸಂಕಲನ ತರುವ ಯೋಚನೆಯಿದ್ದರೆ ಅದಕ್ಕೂ ಒಂದು ಅನುಮತಿ ಬೇಕು. ಇಷ್ಟಕ್ಕೆ ಯಾವ ಲೇಖಕರೂ ಸಂತೋಷದಿಂದ ಒಪ್ಪಬಹುದು, ಒಪ್ಪಬೇಕು ಕೂಡ. ಬಹುಮಾನ ಪಡೆದ ಕಥೆ ಮೊದಲು ಆ ಪತ್ರಿಕೆಯಲ್ಲಿ ಬರುವುದು, ಆಮೇಲೆ ‘ಇಂಥ ಕಡೆ ಮೊದಲು ಪ್ರಕಟವಾದದ್ದು’ ಎಂದು ಸ್ಮರಿಸಿ ಲೇಖಕರು ತಮ್ಮ ಸಂಕಲನದಲ್ಲಿ ಸೇರಿಸಿಕೊಳ್ಳುವುದು ಕನ್ನಡದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆ ರೂಢಿಗೆ ಅಡ್ಡಿ ಮಾಡದ ಷರತ್ತು ನನ್ನ ದೃಷ್ಟಿಯಲ್ಲಿ ನ್ಯಾಯವಾದ ಷರತ್ತು.

ಬಹುಮಾನ ಪಡೆದ ಕಥೆಗಳ ಸಂಪೂರ್ಣ ಹಕ್ಕು ತಮ್ಮದು ಎನ್ನುವ ಸಂಘಟಕರ ವಿಷಯದಲ್ಲಿ ಕನಿಷ್ಠ ಹಣದ ಲೆಕ್ಕವನ್ನಾದರೂ ಹಾಕಬಹುದು: ಕಥೆಯನ್ನು ಇಷ್ಟು ರೂಪಾಯಿಗೆ ಮಾರುತ್ತಿದ್ದೇನೆ, ಈ ಬೆಲೆ ಒಪ್ಪಿಗೆಯೇ ಎಂದು. ಆದರೆ ನೀವು ತಿಳಿಸಿರುವ ಷರತ್ತು ಬಂದ ಎಲ್ಲ ಕಥೆಗಳಿಗೂ ಅನ್ವಯಿಸುತ್ತದೆ. ಬಹುಮಾನ ಬಾರದ, ಒಂದು ರೂಪಾಯಿಯೂ ಸಿಗದ, ಅಚ್ಚು ಕೂಡ ಆಗದ ಕಥೆಯ ಹಕ್ಕನ್ನೂ ಬಿಟ್ಟುಕೊಡಿ ಎಂದು ಅದು ಹೇಳುತ್ತದೆ. ಆ ಮಾತು ಬದಲಾಗದ ಹೊರತು ಅಲ್ಲಿಗೆ ಕಥೆ ಕಳುಹಿಸಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಒಂದು ಸಣ್ಣ ಕಥೆಯ ಹಕ್ಕಿಗೆ ಇಷ್ಟು ಯೋಚಿಸಬೇಕೇ ಎಂದು ನಿಮಗೆ ಅನ್ನಿಸಬಹುದು. 2025ರಲ್ಲಿ ಬಾನು ಮುಷ್ತಾಕ್ ಅವರ 12 ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. 50,000 ಪೌಂಡ್‌ಗಳ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮವಾಗಿ ಹಂಚಲಾಯಿತು. ಆ ಕಥೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದವು. ಮೂರು ದಶಕಗಳ ಹಿಂದೆ ಕನ್ನಡದಲ್ಲಿ ಬರೆದ ಕಥೆಯೊಂದು ಯಾವಾಗ, ಯಾವ ಭಾಷೆಯಲ್ಲಿ, ಯಾರ ಮುಂದೆ ಹೋಗಿ ನಿಲ್ಲುತ್ತದೆ ಎಂಬುದನ್ನು ಬರೆಯುವ ಹೊತ್ತಿನಲ್ಲಿ ಯಾರೂ ಊಹಿಸಲಾರರು. ಅನುವಾದದ ಹಕ್ಕು ಲೇಖಕರ ಕೈಯಲ್ಲಿದ್ದರೆ ಮಾತ್ರ ಇಂಥ ದಾರಿ ತೆರೆದಿರುತ್ತದೆ. ಪಠ್ಯಪುಸ್ತಕಕ್ಕೆ ಪಾಠವಾಗುವುದಕ್ಕೂ, ಕಿರುಚಿತ್ರಕ್ಕೆ ವಸ್ತುವಾಗುವುದಕ್ಕೂ ಇದೇ ಮಾತು.

ಕಾಯ್ದೆಯು ಲೇಖಕರಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಹಕ್ಕು ಕೊಡುವವರು ಅಥವಾ ಅವರಿಂದ ಅಧಿಕಾರ ಪಡೆದವರು ಅದಕ್ಕೆ ಸಹಿ ಹಾಕಿರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದು ಅದರಲ್ಲಿ ಇರಬೇಕು. ಅವಧಿಯನ್ನು ಹೇಳದೆ ಬಿಟ್ಟಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ಹೇಳದೆ ಬಿಟ್ಟಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆಯೇ ರದ್ದಾದಂತೆ. ಹೀಗಾಗಿ ಪೋಸ್ಟರಿನಲ್ಲಿ ಅಚ್ಚಾದ ಒಂದು ಸಾಲಿನಿಂದ ಮಾತ್ರವೇ ನಿಮ್ಮ ಕಥೆ ಶಾಶ್ವತವಾಗಿ ಬೇರೆಯವರದಾಯಿತು ಎಂದು ವಾದಿಸುವುದು ಸುಲಭವಲ್ಲ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಕಥೆಯ ಜೊತೆಗೆ ‘ಇದು ನನ್ನ ಸ್ವಂತ ರಚನೆ’ ಎಂಬ ದೃಢೀಕರಣ ಪತ್ರವನ್ನು ಕೇಳುತ್ತಾರಲ್ಲ, ಅದರ ಕೊನೆಯಲ್ಲಿ ‘ಸ್ಪರ್ಧೆಯ ಎಲ್ಲ ಷರತ್ತುಗಳಿಗೂ ಒಪ್ಪಿರುತ್ತೇನೆ’ ಎಂಬ ಸಾಲು ಬಹುಮಟ್ಟಿಗೆ ಇದ್ದೇ ಇರುತ್ತದೆ. ನಿಮ್ಮ ಸಹಿ ಬೀಳುವುದು ಅದರ ಕೆಳಗೆ. ಸ್ವಂತ ರಚನೆ ಎಂಬ ಮಾತಿಗಷ್ಟೇ ಸಹಿ ಹಾಕಿದೆ ಎಂದು ಆಮೇಲೆ ಹೇಳಿದರೆ ಕೇಳುವವರಿರುವುದಿಲ್ಲ. ಕಾಯ್ದೆಯ ರಕ್ಷಣೆ ಇದೆಯೆಂಬ ಧೈರ್ಯದ ಮೇಲೆ ಕೆಟ್ಟ ಷರತ್ತಿಗೆ ಸಹಿ ಹಾಕಿ, ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕಿಂತ ಸಹಿಗೆ ಮೊದಲೇ ಕೇಳಿ ತಿಳಿಯುವುದು ಎಷ್ಟೋ ಮೇಲು.

ಕೇಳುವುದು ಹೇಗೆ ಎಂಬ ಅಂಜಿಕೆ ಹೊಸ ಬರಹಗಾರರಿಗೆ ಸಹಜವಾಗಿಯೇ ಇರುತ್ತದೆ. ಸ್ಪರ್ಧೆಗಳ ತೀರ್ಪುಗಾರರಾಗಿ ಹಲವು ಸಂಘಟಕರೊಡನೆ ಕೆಲಸ ಮಾಡಿದವರ ಅನುಭವದಿಂದ ಹೇಳುತ್ತೇನೆ: ನಮ್ಮ ಕಡೆಯ ಸಣ್ಣ ಸಂಘಗಳಲ್ಲಿ ಹೆಚ್ಚಿನವು ಇಂಥ ಷರತ್ತನ್ನು ದುರುದ್ದೇಶದಿಂದ ಹಾಕಿರುವುದಿಲ್ಲ, ಬೇರೆ ಯಾವುದೋ ಪ್ರಕಟಣೆಯಿಂದ ಹಾಗೆಯೇ ಇಳಿಸಿಕೊಂಡಿರುತ್ತವೆ. ಸಂಘದ ಕಾರ್ಯದರ್ಶಿಗಳಿಗೆ ವಿನಯದಿಂದ ಒಂದು ಪತ್ರ ಅಥವಾ ಇಮೇಲ್ ಬರೆಯಿರಿ. ‘ಮಾನ್ಯರೇ, ತಮ್ಮ ಸ್ಪರ್ಧೆಗೆ ಕಥೆ ಕಳುಹಿಸಲು ಇಚ್ಛಿಸಿದ್ದೇನೆ. ಬಹುಮಾನಿತ ಕಥೆಗಳನ್ನು ಸಂಚಿಕೆಯಲ್ಲಿ ಮೊದಲು ಪ್ರಕಟಿಸುವ ಹಕ್ಕು ತಮಗಿದ್ದು, ಉಳಿದ ಹಕ್ಕುಗಳೂ ಬಹುಮಾನ ಬಾರದ ಕಥೆಗಳ ಎಲ್ಲ ಹಕ್ಕುಗಳೂ ಲೇಖಕರಲ್ಲೇ ಉಳಿಯುತ್ತವೆ ಎಂದು ಹಕ್ಕಿನ ಷರತ್ತನ್ನು ಅರ್ಥೈಸಿಕೊಳ್ಳಬಹುದೇ? ದಯವಿಟ್ಟು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ’ ಎಂದಿಷ್ಟಿದ್ದರೆ ಸಾಕು. ಹೌದೆಂದು ಉತ್ತರ ಬಂದರೆ ಅದನ್ನು ಮುದ್ರಿಸಿ ಕಥೆಯ ಪ್ರತಿಯೊಂದಿಗೆ ಇಟ್ಟುಕೊಂಡು ಧೈರ್ಯವಾಗಿ ಕಳುಹಿಸಿ. ಫೋನಿನಲ್ಲಿ ‘ಹಾಗೇನಿಲ್ಲಮ್ಮ, ಕಳುಹಿಸಿ’ ಎಂದರೆ ಅದನ್ನು ಉತ್ತರವೆಂದು ಎಣಿಸಬೇಡಿ. ಈ ವರ್ಷದ ಕಾರ್ಯದರ್ಶಿ ಮುಂದಿನ ವರ್ಷವೂ ಅವರೇ ಆಗಿರುತ್ತಾರೆಂದು ಹೇಳಲಾಗದು. ಇಂಥ ಪತ್ರ ಬರೆದರೆಂದು ತೀರ್ಪಿನಲ್ಲಿ ನಿಮಗೆ ಹಾನಿಯಾಗುವ ಭಯವೂ ಬೇಡ, ಏಕೆಂದರೆ ಹೆಸರು ಮುಚ್ಚಿ ಓದಿಸುವ ಸ್ಪರ್ಧೆಯಲ್ಲಿ ಕಾರ್ಯದರ್ಶಿಗೆ ಬಂದ ಪತ್ರ ತೀರ್ಪುಗಾರರ ಮುಂದೆ ಹೋಗುವುದಿಲ್ಲ.

ಹಕ್ಕನ್ನು ಪೂರ್ತಿ ಬರೆದುಕೊಟ್ಟ ಮೇಲೂ ಲೇಖಕರಲ್ಲಿ ಉಳಿಯುವ ಎರಡು ಸಂಗತಿಗಳಿವೆ. ಕಥೆ ತನ್ನದೆಂದು ಹೇಳಿಕೊಳ್ಳುವ ಹಕ್ಕು ಒಂದು. ಲೇಖಕರ ಗೌರವಕ್ಕೆ ಕುಂದು ತರುವಂತೆ ಕಥೆಯನ್ನು ತಿರುಚಿದರೆ ತಡೆಯುವ ಅಥವಾ ಪರಿಹಾರ ಕೇಳುವ ಹಕ್ಕು ಇನ್ನೊಂದು. 57ನೆಯ ಕಲಮು ಇವನ್ನು ಒಡೆತನದಿಂದ ಬೇರೆಯಾಗಿಯೇ ಕಾಪಾಡುತ್ತದೆ. ಹಾಗಾಗಿ ‘ಅಗತ್ಯವಿದ್ದಲ್ಲಿ ತಿದ್ದುವ ಹಕ್ಕು ಸಂಪಾದಕರದು’ ಎಂಬ ಷರತ್ತನ್ನು ಕಂಡು ಗಾಬರಿಯಾಗಬೇಕಿಲ್ಲ. ಕಾಗುಣಿತ, ವಾಕ್ಯರಚನೆ, ಉದ್ದ, ಇವುಗಳ ತಿದ್ದುಪಡಿ ಪ್ರಕಟಣೆಯ ಸಾಮಾನ್ಯ ಕೆಲಸ. ಆದರೆ ಮಂಡ್ಯ ಸೀಮೆಯ ಮಾತನ್ನು ಪಾತ್ರಗಳ ಬಾಯಲ್ಲಿ ಇಟ್ಟು ಬರೆದಿದ್ದರೆ, ಆಡುಮಾತನ್ನು ಗ್ರಂಥಭಾಷೆಗೆ ತಿರುಗಿಸಬಾರದು ಎಂದು ಕಥೆಯ ಜೊತೆಗಿನ ಪತ್ರದಲ್ಲಿ ಒಂದು ಸಾಲು ಬರೆಯುವುದು ಒಳ್ಳೆಯದು.

ಎರಡನೆಯ ಸ್ಪರ್ಧೆಯ ಕುರಿತು ನನ್ನ ಅಭಿಪ್ರಾಯ ಕಠಿಣವಾಗಿದೆ. ಶುಲ್ಕ ಕೇಳಿದವರೆಲ್ಲ ಮೋಸಗಾರರಲ್ಲ. ಬೇರೆ ಆದಾಯವಿಲ್ಲದ ಸಣ್ಣ ಬಳಗವೊಂದು ಬಹುಮಾನದ ಮೊತ್ತಕ್ಕಾಗಿ ಅಲ್ಪ ಶುಲ್ಕ ಇಡಬಹುದು. ಆದರೂ ಕನ್ನಡದ ಪತ್ರಿಕೆಗಳ ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾ ಸ್ಪರ್ಧೆಗಳು ಲೇಖಕರಿಂದ ಹಣ ಪಡೆದು ಬೆಳೆದವಲ್ಲ ಎಂಬುದನ್ನು ನೆನಪಿಡಿ. ನನಗೆ ಶುಲ್ಕಕ್ಕಿಂತ ಹೆಚ್ಚು ಅನುಮಾನ ತರಿಸುವುದು ಭಾಗವಹಿಸಿದ ಎಲ್ಲರ ಕಥೆಯೂ ಸಂಕಲನದಲ್ಲಿ ಬರುತ್ತದೆ ಎಂಬ ಭರವಸೆ. ಎಲ್ಲವನ್ನೂ ತೆಗೆದುಕೊಳ್ಳುವ ಕಡೆ ಆಯ್ಕೆ ನಡೆಯುವುದಿಲ್ಲ, ಆಯ್ಕೆ ಇಲ್ಲದ ಕಡೆ ಸ್ಪರ್ಧೆಯೂ ಇಲ್ಲ. ಇಂಥ ಕಡೆ ನಡೆಯುವ ವ್ಯವಹಾರದ ಮುಂದಿನ ಹೆಜ್ಜೆ ಸಾಮಾನ್ಯವಾಗಿ ‘ನಿಮ್ಮ ಕಥೆ ಆಯ್ಕೆಯಾಗಿದೆ, ಇಷ್ಟು ಪ್ರತಿ ಕೊಳ್ಳಬೇಕು’ ಎಂಬ ಸಂದೇಶ. ಪುಸ್ತಕ ಅಂಗಡಿಗೆ ಬರುವುದಿಲ್ಲ. ಬರೆದವರೇ ಕೊಂಡು ನೆಂಟರಿಗೆ ಹಂಚುತ್ತಾರೆ. ಅಷ್ಟರಲ್ಲಿ ನಿಮ್ಮ ಕಥೆ ‘ಪ್ರಕಟಿತ’ವಾಗಿ, ಮುಂದೆ ಯಾವ ಒಳ್ಳೆಯ ಸ್ಪರ್ಧೆಗೂ ಕಳುಹಿಸಲಾಗದಂತೆ ಆಗಿರುತ್ತದೆ. 300 ರೂಪಾಯಿಗಿಂತ ಈ ನಷ್ಟವೇ ದೊಡ್ಡದು.

ಹಣ ಕಟ್ಟುವ ಮುನ್ನ ಹಿಂದಿನ ವರ್ಷ ಯಾರಿಗೆ ಬಹುಮಾನ ಬಂತು, ತೀರ್ಪುಗಾರರು ಯಾರಾಗಿದ್ದರು, ಬಂದ ಸಂಕಲನ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಹಣ ಸಂಸ್ಥೆಯ ಖಾತೆಗೆ ಹೋಗುತ್ತದೆಯೋ ಯಾವುದೋ ವ್ಯಕ್ತಿಯ ಮೊಬೈಲ್ ಸಂಖ್ಯೆಗೆ ಹೋಗುತ್ತದೆಯೋ ನೋಡಿ. ಬಹುಮಾನ ಪ್ರಕಟವಾಗುವ ಮೊದಲೇ ಬ್ಯಾಂಕ್ ವಿವರ, ಪ್ಯಾನ್, ಆಧಾರ್ ಪ್ರತಿಗಳನ್ನು ಕೇಳುವವರಿಗೆ ಅವನ್ನು ಕೊಡುವ ಕಾರಣವಿಲ್ಲ.

ಇನ್ನು ‘ಅಪ್ರಕಟಿತ’ ಎಂಬ ಷರತ್ತು. ಕಾಯ್ದೆಯ 3ನೆಯ ಕಲಮಿನಲ್ಲಿ ಪ್ರಕಟಣೆ ಎಂದರೆ ಪ್ರತಿಗಳನ್ನು ಹೊರತರುವುದು ಮಾತ್ರವಲ್ಲ, ಕೃತಿಯನ್ನು ಸಾರ್ವಜನಿಕರಿಗೆ ಬೇರೆ ರೀತಿಯಲ್ಲಿ ತಲುಪಿಸುವುದೂ ಸೇರುತ್ತದೆ. ಎಲ್ಲರೂ ನೋಡುವಂತೆ ಫೇಸ್‌ಬುಕ್‌ನಲ್ಲಿ ಹಾಕಿದ ಕಥೆ ಈ ಅರ್ಥದಲ್ಲಿ ಪ್ರಕಟವಾದ ಕಥೆಯೇ. ಅಚ್ಚಾಗಿಲ್ಲವಲ್ಲ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಈಚಿನ ಪ್ರಕಟಣೆಗಳಲ್ಲಂತೂ ‘ಜಾಲತಾಣ, ಬ್ಲಾಗ್, ಸಾಮಾಜಿಕ ಮಾಧ್ಯಮಗಳಲ್ಲಿ ಪ್ರಕಟವಾಗಿರಬಾರದು, ಆಕಾಶವಾಣಿಯಲ್ಲಿ ಪ್ರಸಾರವಾಗಿರಬಾರದು’ ಎಂದು ಬಿಡಿಸಿಯೇ ಹೇಳಿರುತ್ತಾರೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದದ್ದೂ ಪ್ರಕಟಿತವೇ. ಊರಿನ ಕಾರ್ಯಕ್ರಮದಲ್ಲಿ ಕುಳಿತವರ ಮುಂದೆ ಓದಿದ್ದನ್ನು ಹೆಚ್ಚಿನ ಸಂಘಟಕರು ಪ್ರಕಟಣೆಯಾಗಿ ಎಣಿಸುವುದಿಲ್ಲ, ಆದರೆ ಅದರ ವಿಡಿಯೊ ಯೂಟ್ಯೂಬಿಗೆ ಏರಿದ್ದರೆ ಮಾತು ಬೇರೆಯಾಗುತ್ತದೆ. ನಿಮ್ಮ ಕಾರ್ಯಕ್ರಮದ ಧ್ವನಿಮುದ್ರಣ ಎಲ್ಲಾದರೂ ಇದೆಯೇ ಎಂದು ಆಯೋಜಕರನ್ನು ಕೇಳಿ ನೋಡಿ.

ಫೇಸ್‌ಬುಕ್‌ನಲ್ಲಿರುವ ಮೊದಲ ಭಾಗವನ್ನು ಅಳಿಸಿಬಿಟ್ಟು ಸುಮ್ಮನೆ ಕಳುಹಿಸಿ ಎಂದು ನಿಮಗೆ ಯಾರಾದರೂ ಹೇಳಿಯಾರು. ನಾನು ಹಾಗೆ ಹೇಳಲಾರೆ. ಅಳಿಸಿದರೂ ಅದನ್ನು ಓದಿದವರು, ಹಂಚಿಕೊಂಡವರು ಇದ್ದೇ ಇರುತ್ತಾರೆ, ಬಹುಮಾನ ಪ್ರಕಟವಾದ ದಿನವೇ ಸಂಘಟಕರಿಗೆ ಅದರ ಚಿತ್ರ ಕಳುಹಿಸುವವರೂ ಇರುತ್ತಾರೆ. ಬಂದ ಬಹುಮಾನ ಹಿಂತಿರುಗಿಸುವುದು ಬಾರದಿರುವುದಕ್ಕಿಂತ ಹೆಚ್ಚು ನೋಯಿಸುತ್ತದೆ, ಆ ಸುದ್ದಿ ಹೆಸರಿಗೆ ಅಂಟಿಕೊಳ್ಳುತ್ತದೆ. ಸಂಘಟಕರಿಗೆ ಬರೆಯುವ ಅದೇ ಪತ್ರದಲ್ಲಿ ಕಥೆಯ ಎಷ್ಟು ಭಾಗ ಎಲ್ಲಿ ಬಂದಿತ್ತು ಎಂದು ತಿಳಿಸಿ, ಸ್ವೀಕರಿಸುತ್ತೀರಾ ಎಂದು ಕೇಳಿಬಿಡಿ. ಅದೇ ಕಥೆಯ ಹೆಸರನ್ನೂ ಪಾತ್ರಗಳ ಹೆಸರನ್ನೂ ಬದಲಿಸಿ ಹೊಸ ಕಥೆಯೆಂದು ಕಳುಹಿಸುವ ದಾರಿಯನ್ನಂತೂ ಹಿಡಿಯಲೇಬೇಡಿ. ಮುಂದೆ ಕಥೆಯನ್ನು ಗೆಳತಿಯರಿಗೆ ಓದಿಸಬೇಕೆನಿಸಿದರೆ ಇಬ್ಬರು ಮೂವರಿಗೆ ನೇರವಾಗಿ ಕಳುಹಿಸಿ. ನೂರಾರು ಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಒಂದೇ ಕಥೆಯನ್ನು ಎರಡು ಸ್ಪರ್ಧೆಗಳಿಗೆ ಏಕಕಾಲಕ್ಕೆ ಕಳುಹಿಸುವುದನ್ನು ಷರತ್ತು ನಿಷೇಧಿಸಿರಲಿ, ಬಿಡಲಿ, ಮಾಡದಿರುವುದೇ ಸರಿ. ಎರಡರಲ್ಲೂ ಬಹುಮಾನ ಬಂದರೆ ಇಬ್ಬರಿಗೂ ಮೊದಲ ಪ್ರಕಟಣೆಯ ಹಕ್ಕು ಕೊಟ್ಟಂತಾಗುತ್ತದೆ, ಅದು ಸಾಧ್ಯವಿಲ್ಲದ ಮಾತು. ತೀರ್ಪುಗಾರರ ವಲಯವೂ ನಮ್ಮಲ್ಲಿ ಚಿಕ್ಕದು. ಮೈಸೂರಿನಲ್ಲಿ ಒಂದು ಸ್ಪರ್ಧೆಯ ಕಥೆಗಳನ್ನು ಓದಿದವರೇ ತಿಂಗಳೊಳಗೆ ಬೆಂಗಳೂರಿನ ಇನ್ನೊಂದು ಸ್ಪರ್ಧೆಯ ಕಥೆಗಳನ್ನು ಓದುತ್ತಿರಬಹುದು. ಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಡುವ ಸ್ಪರ್ಧೆಗಳೂ ಇವೆ. ಅವುಗಳಲ್ಲಿ ಬಿಡಿ ಕಥೆಗಳು ಮೊದಲೇ ಪ್ರಕಟವಾಗಿದ್ದರೂ ನಡೆಯಬಹುದು, ಸಂಕಲನವಾಗಿ ಬಂದಿರಬಾರದು, ಅಷ್ಟೇ. ಆದರೆ ಅದನ್ನೂ ಆಯಾ ಪ್ರಕಟಣೆಯಲ್ಲೇ ಓದಿ ಖಚಿತಪಡಿಸಿಕೊಳ್ಳಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ, ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿಗಳ ಪ್ರಕಟಣೆ ಕಂಡು ಬಿಡಿ ಕಥೆ ಕಳುಹಿಸುವವರೂ ಇದ್ದಾರೆ. ಅವು ಅಚ್ಚಾದ ಪುಸ್ತಕಗಳಿಗೆ ಸಂಬಂಧಿಸಿದವು, ನಿಮ್ಮ ಈಗಿನ ಪ್ರಶ್ನೆಗೆ ಬರುವುದಿಲ್ಲ.

ಕಳವಿನ ಭಯದ ಬಗ್ಗೆ ಎರಡು ಮಾತು. ಕಾಯ್ದೆ ಕಾಪಾಡುವುದು ನೀವು ಬರೆದ ರೀತಿಯನ್ನು, ವಸ್ತುವನ್ನಲ್ಲ. ಕಲ್ಪನೆ, ವಿಷಯ, ಕಥಾಹಂದರಗಳಿಗೆ ಹಕ್ಕುಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕಬ್ಬಿನ ಬಾಕಿ ಹಣಕ್ಕಾಗಿ ಕಾಯುವ ಕುಟುಂಬದ ಕಥೆಯನ್ನು ನೀವೂ ಬರೆಯಬಹುದು, ಮದ್ದೂರಿನ ಇನ್ನೊಬ್ಬರೂ ಬರೆಯಬಹುದು, ಇಬ್ಬರಲ್ಲಿ ಯಾರೂ ಕಳ್ಳರಲ್ಲ. ಆದರೆ ನಿಮ್ಮ ವಾಕ್ಯಗಳು, ಸನ್ನಿವೇಶಗಳ ಹೆಣಿಗೆ, ಸಂಭಾಷಣೆ ಹಾಗೆಯೇ ಬೇರೆಯವರ ಹೆಸರಿನಲ್ಲಿ ಬಂದರೆ ಅದು ಉಲ್ಲಂಘನೆ. ಆಗ ಬೇಕಾಗುವುದು ಕಥೆ ಮೊದಲು ನಿಮ್ಮ ಬಳಿ ಇತ್ತೆಂಬ ಪುರಾವೆ. ಕರಡುಗಳನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ, ಮುಗಿದ ಕಥೆಯನ್ನು ನಿಮ್ಮದೇ ಇಮೇಲ್ ವಿಳಾಸಕ್ಕೆ ಕಳುಹಿಸಿಕೊಳ್ಳಿ, ಸ್ಪರ್ಧೆಗೆ ಕಳುಹಿಸಿದ ರಸೀದಿಯನ್ನು ಬಿಸಾಡಬೇಡಿ. ಸಾಹಿತ್ಯ ಕೃತಿಯೊಂದನ್ನು ಹಕ್ಕುಸ್ವಾಮ್ಯ ಕಚೇರಿಯಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಲೂ ಬಹುದು, ಆದರೆ ಒಂದೊಂದು ಬಿಡಿ ಕಥೆಗೂ ಹಾಗೆ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಉಳಿದ ಷರತ್ತುಗಳಲ್ಲಿ ಹೆಚ್ಚು ಕಥೆಗಳು ಮುಗ್ಗರಿಸುವುದು ಹೆಸರಿನ ವಿಷಯದಲ್ಲಿ. ಕಥೆಯ ಪುಟಗಳಲ್ಲಿ ಹೆಸರು ಇರಬಾರದು ಎಂದರೆ ಮೊದಲ ಪುಟದಲ್ಲಿ ಮಾತ್ರವಲ್ಲ. ಪುಟದ ತಲೆಯಲ್ಲಿ, ಫೈಲಿನ ಹೆಸರಿನಲ್ಲಿ, ಫೈಲಿನ ವಿವರಗಳಲ್ಲಿ ತಾನಾಗಿ ದಾಖಲಾಗುವ ಲೇಖಕರ ಹೆಸರಿನಲ್ಲಿ ಕೂಡ ಇರಬಾರದು. ವಾಸಸ್ಥಳದ ಷರತ್ತೂ ನಿಮಗೆ ಮುಖ್ಯ. ‘ಮೈಸೂರು ಜಿಲ್ಲೆಯವರಿಗೆ ಮಾತ್ರ’ ಎಂದಿದ್ದರೆ 1939ರಲ್ಲೇ ಬೇರೆಯಾದ ಮಂಡ್ಯ ಜಿಲ್ಲೆಯವರಾದ ನೀವು ಅದರಲ್ಲಿ ಬರುವುದಿಲ್ಲ, ‘ಮೈಸೂರು ವಿಭಾಗ’ ಎಂದಿದ್ದರೆ ಬರುತ್ತೀರಿ. ‘ಹಳೇ ಮೈಸೂರು ಭಾಗ’ ಎಂದಷ್ಟೇ ಇದ್ದರೆ ಕೇಳಿ ತಿಳಿಯಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಥೆ ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ, ಆದ್ದರಿಂದ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ, ಪಿಡಿಎಫ್ ಪ್ರತಿಯನ್ನೂ ಜೊತೆಗಿಡಿ. ಪದಮಿತಿ ಮೀರಿದ ಕಥೆಯನ್ನು ಓದದೆ ಬದಿಗಿಡುವ ಅಧಿಕಾರ ಸಂಘಟಕರಿಗಿದೆ. ಕೊನೆಯ ದಿನಾಂಕ ಅಂಚೆಗೆ ಹಾಕುವುದಕ್ಕೋ ಅವರ ಕೈ ಸೇರುವುದಕ್ಕೋ ನೋಡಿಕೊಳ್ಳಿ. ಕೆಲವು ಪ್ರಕಟಣೆಗಳು ಈಗಲೂ ರಿಜಿಸ್ಟರ್ಡ್ ಅಂಚೆ ಎನ್ನುತ್ತವೆ; ಅಂಚೆ ಇಲಾಖೆ ಆ ಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನಗೊಳಿಸಿರುವುದರಿಂದ ಸ್ಪೀಡ್ ಪೋಸ್ಟ್‌ನಲ್ಲೇ ಕಳುಹಿಸಿ. ಕೃತಕ ಬುದ್ಧಿಮತ್ತೆಯ ನೆರವು ಪಡೆದಿರಬಾರದು ಎಂಬ ಷರತ್ತೂ ಈಗ ಕಾಣಿಸುತ್ತಿದೆ. ಕಾಗುಣಿತ ತಿದ್ದಲು ಬಳಸಿದ್ದು ಅದರಲ್ಲಿ ಸೇರುತ್ತದೆಯೇ ಎಂಬುದು ಸ್ಪಷ್ಟವಿಲ್ಲದಿದ್ದರೆ, ಬಳಸಿದ್ದನ್ನು ಬಳಸಿದಷ್ಟೇ ತಿಳಿಸುವುದು ಕ್ಷೇಮ.

‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಸಾಲನ್ನು ಕಂಡು ಅನೇಕರು ಬೇಸರಪಡುತ್ತಾರೆ. ಆ ಸಾಲು ಇರಲೇಬೇಕು. ಅದಿಲ್ಲದೆ ಯಾವ ಸ್ಪರ್ಧೆಯೂ ಮುಗಿಯುವುದಿಲ್ಲ. ಆದರೆ ಅದು ಕಥೆಯ ಗುಣದ ಬಗೆಗಿನ ತೀರ್ಮಾನಕ್ಕೆ ಸಂಬಂಧಿಸಿದ್ದು. ಘೋಷಿಸಿದ ಬಹುಮಾನದ ಹಣ ಕೊಡದಿದ್ದರೆ, ಒಪ್ಪಿಗೆ ಇಲ್ಲದೆ ಕಥೆಯನ್ನು ಬೇರೆಡೆ ಬಳಸಿದರೆ ಪ್ರಶ್ನಿಸಲು ಆ ಸಾಲು ಅಡ್ಡ ಬರುವುದಿಲ್ಲ. ಫಲಿತಾಂಶದ ದಿನಾಂಕವನ್ನೇ ಹೇಳದ ಸ್ಪರ್ಧೆಗಳು ಇದಕ್ಕಿಂತ ಹೆಚ್ಚು ತೊಂದರೆ ಕೊಡುತ್ತವೆ, ಏಕೆಂದರೆ ಕಥೆ ಅಲ್ಲಿ ಸಿಕ್ಕಿಕೊಂಡು ಬೇರೆಲ್ಲಿಗೂ ಹೋಗಲಾಗದೆ ಉಳಿಯುತ್ತದೆ. ಹೇಳಿದ ದಿನ ಕಳೆದು ತಿಂಗಳಾದರೂ, ದಿನಾಂಕವನ್ನೇ ಹೇಳಿರದಿದ್ದರೆ ಕೊನೆಯ ದಿನದಿಂದ ಆರು ತಿಂಗಳಾದರೂ ಫಲಿತಾಂಶ ಬಾರದಿದ್ದರೆ, ‘ಕಥೆಯನ್ನು ಸ್ಪರ್ಧೆಯಿಂದ ಹಿಂದಕ್ಕೆ ಪಡೆದಿದ್ದೇನೆ’ ಎಂದು ಲಿಖಿತವಾಗಿ ತಿಳಿಸಿ ಬೇರೆ ಪತ್ರಿಕೆಗೆ ಕಳುಹಿಸುವುದರಲ್ಲಿ ತಪ್ಪಿಲ್ಲ.

ನಿಮ್ಮ ಸಂದರ್ಭದಲ್ಲಿ ನಾನಾಗಿದ್ದರೆ 300 ರೂಪಾಯಿಯ ಸ್ಪರ್ಧೆಯನ್ನು ಬಿಟ್ಟು, ಮೈಸೂರಿನ ಸಂಘಕ್ಕೆ ಹಕ್ಕಿನ ಷರತ್ತು ಮತ್ತು ಫೇಸ್‌ಬುಕ್ ಭಾಗ ಎರಡನ್ನೂ ಕೇಳಿ ಇಂದೇ ಪತ್ರ ಬರೆಯುತ್ತಿದ್ದೆ. ಉತ್ತರ ಅನುಕೂಲವಾಗಿದ್ದರೆ ಈ ಕಥೆ ಅಲ್ಲಿಗೆ ಹೋಗಲಿ. ಹಕ್ಕಿನ ಮಾತಿಗೆ ಒಪ್ಪಿ, ಫೇಸ್‌ಬುಕ್ ಭಾಗಕ್ಕೆ ಒಪ್ಪದಿದ್ದರೆ ಇನ್ನೂ ಯಾರಿಗೂ ತೋರಿಸದ ಬೇರೊಂದು ಕಥೆಯನ್ನು ಅಲ್ಲಿಗೆ ಕಳುಹಿಸಿ, ಈ ಕಥೆಯನ್ನು ಸ್ಪರ್ಧೆಯ ಗೊಡವೆಯಿಲ್ಲದೆ ಯಾವುದಾದರೂ ಮಾಸಪತ್ರಿಕೆಯ ಸಂಪಾದಕರಿಗೆ, ಫೇಸ್‌ಬುಕ್ ವಿಷಯವನ್ನು ತಿಳಿಸಿಯೇ, ಕಳುಹಿಸಿ. ಹಕ್ಕಿನ ಷರತ್ತನ್ನು ಬದಲಿಸಲು ಅವರು ಒಪ್ಪದಿದ್ದರೆ, ಅಥವಾ ಕೊನೆಯ ದಿನಾಂಕದೊಳಗೆ ಉತ್ತರವೇ ಬಾರದಿದ್ದರೆ, ಈ ವರ್ಷ ಅಲ್ಲಿಗೆ ಯಾವ ಕಥೆಯನ್ನೂ ಕಳುಹಿಸಬೇಡಿ.